ಮರಳು ಗಡಿಯಾರದ ಚುಟುಕು ಆಟಗಳು: ಕಟ್ಟುವುದರಿಂದ ಆಡುವವರೆಗೆ

ಅಂಗಡಿಯಿಂದ ತರುವ ಆಟದ ಪೆಟ್ಟಿಗೆಗಳಲ್ಲಿ ಮರಳು ಗಡಿಯಾರಕ್ಕೆ ಹೆಚ್ಚಾಗಿ ಕಾವಲುಗಾರನ ಕೆಲಸವೊಂದನ್ನೇ ವಹಿಸಿರುತ್ತಾರೆ. 1985ರಲ್ಲಿ ಮಾರುಕಟ್ಟೆಗೆ ಬಂದ ಪಿಕ್ಷನರಿಯಲ್ಲಿ ಚಿತ್ರ ಬಿಡಿಸುವವರಿಗೆ ಒಂದು ನಿಮಿಷ, ಬಾಗಲ್‌ನಲ್ಲಿ ಪದ ಹುಡುಕುವವರಿಗೆ ಮೂರು ನಿಮಿಷ. ಮರಳು ಮುಗಿದರೆ ಕೈ ನಿಲ್ಲಿಸಬೇಕು ಎಂಬುದಷ್ಟೇ ಅದರ ಮಾತು. ಇತ್ತೀಚಿನ ಕೆಲವು ಆಟಗಳು ಇದನ್ನು ಬದಲಿಸಿವೆ. 2017ರಲ್ಲಿ ಬಂದ ಮ್ಯಾಜಿಕ್ ಮೇಜ್‌ನಲ್ಲಿ ನಿಗದಿತ ಮನೆಗಳ ಮೇಲೆ ಕಾಯಿ ನಿಂತಾಗ ಮಾತ್ರ ಗಡಿಯಾರವನ್ನು ತಿರುಗಿಸಬಹುದು; ಕಿಚನ್ ರಷ್‌ನಲ್ಲಿ ಅಡುಗೆಮನೆಯ ಕೆಲಸಗಾರರೇ ಮರಳು ಗಡಿಯಾರಗಳು, ಮರಳು ಸೋರಿ ಮುಗಿಯುವವರೆಗೆ ಅವರನ್ನು ಆ ಜಾಗದಿಂದ ಕದಲಿಸುವಂತಿಲ್ಲ. ಹಾಗಿದ್ದರೂ ಮರಳನ್ನು ನೋಡುತ್ತ, ಅಥವಾ ನೋಡದೆ, ಇನ್ನೆಷ್ಟು ಉಳಿದಿದೆ ಎಂದು ತೂಗುವ ಸುಖವನ್ನೇ ಆಟವಾಗಿಸಿದ ಪೆಟ್ಟಿಗೆಗಳು ವಿರಳ. ಅದಕ್ಕೆ ಪೆಟ್ಟಿಗೆಯ ಅಗತ್ಯವೂ ಇಲ್ಲ. ನೀರಿನ ಹಳೆಯ ಬಾಟಲಿಗಳು, ಒಂದಷ್ಟು ಮರಳು, ಹಿಡಿಯಷ್ಟು ಕವಡೆ ಮತ್ತು ಹುಣಸೆ ಬೀಜ ಇದ್ದರೆ ಒಂದು ಮಧ್ಯಾಹ್ನದೊಳಗೆ ಎಲ್ಲವೂ ಸಿದ್ಧವಾಗುತ್ತದೆ.

ಇಟಲಿಯ ಸಿಯೆನಾ ನಗರದ ಪುರಭವನದಲ್ಲಿ ಅಂಬ್ರೋಜೊ ಲೊರೆಂಜೆಟ್ಟಿ 1338ರಲ್ಲಿ ಕೈಗೆತ್ತಿಕೊಂಡ ಭಿತ್ತಿಚಿತ್ರದಲ್ಲಿ ಸಂಯಮವನ್ನು ಸಂಕೇತಿಸುವ ಸ್ತ್ರೀಯ ಕೈಯಲ್ಲಿ ಒಂದು ಮರಳು ಗಡಿಯಾರವಿದೆ. ಯುರೋಪಿನಲ್ಲಿ ಈ ಸಾಧನದ ಅತ್ಯಂತ ಹಳೆಯ ಚಿತ್ರಗಳಲ್ಲಿ ಅದೂ ಒಂದು. ಅವಸರಕ್ಕೆ ಅಲ್ಲ, ಸಂಯಮಕ್ಕೆ ಆ ಗಡಿಯಾರವನ್ನು ಕೊಟ್ಟದ್ದು ನನಗೆ ಬಹಳ ಸರಿಯೆನಿಸುತ್ತದೆ. ಕೆಳಗಿನ ಆಟಗಳಲ್ಲಿ ಬಹುಪಾಲು ಗೆಲ್ಲುವವರು ಚುರುಕು ಕೈಯವರಲ್ಲ, ಇನ್ನೊಂದು ಕ್ಷಣ ಕಾಯಬಲ್ಲವರು.

ಎಷ್ಟು ಗಡಿಯಾರ, ಎಷ್ಟು ಹೊತ್ತಿನದು

ಮೂರು ಗಡಿಯಾರಗಳಿದ್ದರೆ ಎಲ್ಲ ಆಟಗಳಿಗೂ ಸಾಲುತ್ತದೆ: ಒಂದು 24 ಸೆಕೆಂಡಿನದು, ಒಂದು 40 ಸೆಕೆಂಡಿನದು, ಮತ್ತೊಂದು 70 ಸೆಕೆಂಡಿನದು. ಅರ್ಧ ನಿಮಿಷ, ಒಂದು ನಿಮಿಷ ಎಂಬ ಅಚ್ಚುಕಟ್ಟಾದ ಅವಧಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಅವುಗಳ ಅಂದಾಜು ಎಲ್ಲರ ತಲೆಯಲ್ಲಿ ಮೊದಲೇ ಕೂತಿರುತ್ತದೆ. 24 ಸೆಕೆಂಡಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಹಗಲಿರುಳು ಸೇರಿ 60 ಗಳಿಗೆ, ಅಂದರೆ ಒಂದು ಗಳಿಗೆ 24 ನಿಮಿಷ; ಆ ಗಳಿಗೆಯ ಅರವತ್ತನೆಯ ಒಂದು ಪಾಲು ವಿಘಳಿಗೆ, ಅದು ಸರಿಯಾಗಿ 24 ಸೆಕೆಂಡು. ಹೀಗಾಗಿ ನಮ್ಮ ಮನೆಯಲ್ಲಿ ಅತಿ ಚಿಕ್ಕ ಗಡಿಯಾರಕ್ಕೆ ವಿಘಳಿಗೆ ಎಂದೇ ಹೆಸರು. ಅವಧಿಗಳನ್ನು ಬಾಟಲಿಯ ಮೇಲೆ ಬರೆಯಬೇಡಿ. ಗುರುತಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿದರೆ ಸಾಕು.

ಒಳಗೆ ಏನು ತುಂಬಬೇಕು

ಎಲ್ಲರಿಗೂ ಮೊದಲು ಹೊಳೆಯುವುದು ಅಡುಗೆಮನೆಯ ಪುಡಿ ಉಪ್ಪು. ಬೇಸಗೆಯಲ್ಲಿ ಅದು ಚೆನ್ನಾಗಿಯೇ ಹರಿಯುತ್ತದೆ, ಆದರೆ ಉಪ್ಪು ಗಾಳಿಯ ತೇವವನ್ನು ಹೀರುವುದರಿಂದ ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲದಲ್ಲಿ ಅದನ್ನು ನಂಬುವಂತಿಲ್ಲ. ನಾನು ಮೊದಲ ಸಲ ಉಪ್ಪು ಹಾಕಿ ಕಟ್ಟಿದ ಗಡಿಯಾರ ಆಷಾಢ ಮುಗಿಯುವ ಹೊತ್ತಿಗೆ ಗಟ್ಟಿಯಾಗಿ ಕೂತು, ಕುಟ್ಟಿದರೂ ಒಂದು ಹರಳು ಕೆಳಗಿಳಿಯಲಿಲ್ಲ. ರವೆಯಲ್ಲಿ ಹಿಟ್ಟಿನಂಥ ನುಣುಪು ಪುಡಿ ಬೆರೆತಿರುತ್ತದೆ, ಹುಳುವೂ ಬೀಳುತ್ತದೆ. ಸಾಸಿವೆ ಗುಂಡಗಿದ್ದು ಸೊಗಸಾಗಿ ಉರುಳುತ್ತದೆ, ಆದರೆ ಕಾಳು ದಪ್ಪವಾದ್ದರಿಂದ ಅದಕ್ಕೆ ದೊಡ್ಡ ತೂತು ಬೇಕು, ದೊಡ್ಡ ತೂತಾದರೆ ಬಾಟಲಿ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಗಸಗಸೆ ಇವೆರಡರ ನಡುವಿನದು. ಆದರೆ ಅದರ ಬೆಲೆ ನೋಡಿದರೆ ಪಾಯಸಕ್ಕೇ ಇರಲಿ ಎನಿಸುತ್ತದೆ.

ಎಲ್ಲಕ್ಕಿಂತ ಉತ್ತಮವಾದುದು ಹೊಳೆಯ ಮರಳು, ಏಕೆಂದರೆ ನೀರಿನಲ್ಲಿ ಉರುಳಿ ಬಂದ ಅದರ ಹರಳುಗಳ ಮೂಲೆಗಳು ಸವೆದಿರುತ್ತವೆ. ಈಗ ಕಟ್ಟಡ ಕಟ್ಟುವ ಕಡೆಗಳಲ್ಲಿ ಹೆಚ್ಚಾಗಿ ಸಿಗುವುದು ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್. ಅದರ ಹರಳು ಚೂಪು, ಜೊತೆಗೆ ಕಲ್ಲಿನ ದೂಳೂ ಹೆಚ್ಚು. ಅದನ್ನೇ ಬಳಸಬೇಕಾದರೆ ತೊಳೆಯುವ ಕೆಲಸಕ್ಕೆ ಎರಡು ಪಟ್ಟು ಸಮಯ ಮೀಸಲಿಡಿ. ಎರಡು ಹಿಡಿ ಮರಳನ್ನು ಬಕೆಟ್ಟಿನಲ್ಲಿ ಹಾಕಿ, ನೀರು ತುಂಬಿ ಕಲಕಿ, ಕೆಸರು ನೀರನ್ನು ಬಸಿಯಿರಿ. ನೀರು ತಿಳಿಯಾಗುವವರೆಗೆ ಹೀಗೆಯೇ ಮಾಡಿ. ಅನಂತರ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದು, ಪೂರ್ತಿ ಆರಿದ ಮೇಲೆ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಕೆಳಗೆ ಬಿದ್ದುದನ್ನಷ್ಟೇ ಇಟ್ಟುಕೊಳ್ಳಿ. ಕೈಯಲ್ಲಿ ಹಿಡಿದರೆ ಬೆರಳಿಗೆ ಅಂಟದೆ ಪೂರಾ ಜಾರಿಹೋಗಬೇಕು. ದೂಳು ಉಳಿದಿದ್ದರೆ ಗಡಿಯಾರ ಬಿಕ್ಕಳಿಸಿದಂತೆ ತಡೆದು ತಡೆದು ಸುರಿಯುತ್ತದೆ. ಮೇಲಿನಿಂದ ಮರಳು ಇಳಿದಷ್ಟೂ ಕೆಳಗಿನ ಗಾಳಿ ಅದೇ ತೂತಿನ ಮೂಲಕ ಮೇಲೇರಬೇಕು. ಪುಡಿ ನುಣ್ಣಗಿದ್ದಷ್ಟೂ ಗಾಳಿಗೆ ದಾರಿ ಸಿಗದೆ ಹರಿವು ನಿಂತು ಮತ್ತೆ ಶುರುವಾಗುತ್ತದೆ.

ಕಟ್ಟುವ ಕ್ರಮ

ಒಂದೇ ಬಗೆಯ 200 ಮಿಲಿಲೀಟರಿನ ಎರಡು ನೀರಿನ ಬಾಟಲಿಗಳನ್ನು ಒಳಗೆ ಒಂದು ಹನಿಯೂ ಇಲ್ಲದಂತೆ ಒಣಗಿಸಿ. ಎರಡು ಮುಚ್ಚಳಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ಅಂಟಿಸಿ, ನಡುವೆ ಸಣ್ಣ ತೂತು ಕೊರೆಯುವುದು ಎಲ್ಲರೂ ಅನುಸರಿಸುವ ದಾರಿ. ಅದರಲ್ಲಿ ಎರಡು ತೊಡಕುಗಳಿವೆ: ತೂತು ಕೆಟ್ಟರೆ ಮುಚ್ಚಳವೇ ವ್ಯರ್ಥ, ಮತ್ತು ಎರಡು ದಪ್ಪ ಮುಚ್ಚಳಗಳನ್ನು ಹಾಯುವ ಉದ್ದನೆಯ ತೂತಿನಲ್ಲಿ ಮರಳು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮುಚ್ಚಳಗಳಲ್ಲಿ ದೊಡ್ಡ ತೂತನ್ನೇ ಮಾಡಿ, ಅಳತೆಯ ತೂತನ್ನು ಬೇರೆ ಒಂದು ತೆಳು ಬಿಲ್ಲೆಯಲ್ಲಿ ಮಾಡುವುದು ಲೇಸು.

ಮೊದಲು ಎರಡೂ ಮುಚ್ಚಳಗಳ ನೆತ್ತಿಯನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ. ಈ ಬಗೆಯ ಪ್ಲಾಸ್ಟಿಕ್ಕಿಗೆ ಅಂಟು ಸುಲಭವಾಗಿ ಹಿಡಿಯುವುದಿಲ್ಲ. ಉಜ್ಜದೆ ಫೆವಿಕ್ವಿಕ್ ಹಾಕಿದರೆ ಮೊದಲ ಸಲ ತಿರುವಿದಾಗಲೇ ಕಿತ್ತುಬರುತ್ತದೆ. ಬೆನ್ನಿಗೆ ಬೆನ್ನು ಅಂಟಿಸಿ, ಸುತ್ತ ಎಂ-ಸೀಲ್ ಮೆತ್ತಿ, ಗಟ್ಟಿಯಾದ ಬಳಿಕ ಅದರ ಮೇಲೆ ಇನ್ಸುಲೇಷನ್ ಟೇಪನ್ನು ಎಳೆದು ಸುತ್ತಿ. ಇಕ್ಕಳದಲ್ಲಿ ಹಿಡಿದು ಕಾಯಿಸಿದ ದಪ್ಪ ಮೊಳೆಯಿಂದ ನಡುವೆ ಸುಮಾರು 10 ಮಿಲಿಮೀಟರಿನ ತೂತು ಮಾಡಿ. ಈ ಕೆಲಸ ದೊಡ್ಡವರದು, ಕಿಟಕಿ ತೆರೆದಿರಲಿ. ಅಂಚಿನಲ್ಲಿ ಉಬ್ಬಿದ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಕೆರೆದು ಸಮ ಮಾಡಿ.

ಬಿಲ್ಲೆಗೆ ಅವಧಿ ಮುಗಿದ ಯಾವುದಾದರೂ ಪ್ಲಾಸ್ಟಿಕ್ ಕಾರ್ಡು ಒಳ್ಳೆಯದು. ಮುಚ್ಚಳದ ಒಳಗೆ ಸರಿಯಾಗಿ ಕೂರುವಂತೆ ದುಂಡಗೆ ಕತ್ತರಿಸಿ, ನಟ್ಟ ನಡುವೆ 3 ಮಿಲಿಮೀಟರಿನ ತೂತು ಮಾಡಿ. ಇದನ್ನು ಒಂದು ಮುಚ್ಚಳದೊಳಗೆ ಇಟ್ಟು ಬಾಟಲಿಯನ್ನು ತಿರುಗಿಸಿ ಬಿಗಿದರೆ ಬಾಟಲಿಯ ಬಾಯಿಯೇ ಅದನ್ನು ಒತ್ತಿ ಹಿಡಿಯುತ್ತದೆ, ಅಂಟು ಬೇಡ. ಅವಧಿ ಬದಲಿಸಬೇಕೆಂದಾಗ ಬಾಟಲಿ ಬಿಚ್ಚಿ ಬೇರೆ ಬಿಲ್ಲೆ ಹಾಕಬಹುದು. ತೂತು ಹರಳಿನ ಅಗಲದ ಐದಾರು ಪಟ್ಟಿಗಿಂತ ಕಿರಿದಾಗಿದ್ದರೆ ಹರಳುಗಳು ಒಂದಕ್ಕೊಂದು ಆತು ಕಮಾನಿನಂತೆ ನಿಂತು ಹರಿವನ್ನು ಕಟ್ಟಿಬಿಡುತ್ತವೆ ಎಂಬುದನ್ನು ಮರೆಯಬೇಡಿ.

ಎಷ್ಟು ಮರಳು ಎಂಬ ಪ್ರಶ್ನೆಗೆ ಲೆಕ್ಕವಿದೆ. ಹರಳುಗಳು ತೂತಿನಿಂದ ಸುರಿಯುವ ವೇಗ ಹೆಚ್ಚುಕಡಿಮೆ ತೂತಿನ ವ್ಯಾಸದ ಎರಡೂವರೆ ಘಾತಕ್ಕೆ ಅನುಗುಣವಾಗಿರುತ್ತದೆಂದು ಬೆವರ್ಲೂ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದ ಸೂತ್ರ ಹೇಳುತ್ತದೆ. 3 ಮಿಲಿಮೀಟರಿನ ತೂತಿಗೆ, ಸುಮಾರು 0.4 ಮಿಲಿಮೀಟರಿನ ಹರಳಿಗೆ ಅದನ್ನು ಅನ್ವಯಿಸಿದರೆ ಸೆಕೆಂಡಿಗೆ 0.8 ಗ್ರಾಂ ಬರುತ್ತದೆ. ಅದರಂತೆ ವಿಘಳಿಗೆಗೆ 19 ಗ್ರಾಂ, 40 ಸೆಕೆಂಡಿಗೆ 32 ಗ್ರಾಂ, 70 ಸೆಕೆಂಡಿಗೆ 56 ಗ್ರಾಂ. ನಿಮ್ಮ ಮರಳು ಬೇರೆ, ತೂತು ಬೇರೆ. ಆದ್ದರಿಂದ ಇದನ್ನು ಆರಂಭದ ಅಂದಾಜಾಗಿ ಮಾತ್ರ ಹಿಡಿಯಿರಿ. ತೂತನ್ನು 3ರಿಂದ 4 ಮಿಲಿಮೀಟರಿಗೆ ಹಿಗ್ಗಿಸಿದರೆ ಹರಿವು ಎರಡು ಪಟ್ಟಿಗೂ ಮೀರುತ್ತದೆ. ಹಾಗಾಗಿ ಅವಧಿಯನ್ನು ತಿದ್ದಲು ತೂತನ್ನು ಮುಟ್ಟದೆ ಮರಳಿನ ತೂಕವನ್ನೇ ಬದಲಿಸಬೇಕು.

ಅಳತೆ ಹಿಡಿಯುವುದು

ನೀರಿನ ಮಟ್ಟ ಇಳಿದಂತೆ ಒತ್ತಡ ತಗ್ಗಿ ಧಾರೆ ನಿಧಾನವಾಗುತ್ತದೆ, ಮರಳಿಗೆ ಹಾಗಿಲ್ಲ. ಮೇಲೆ ಎಷ್ಟೇ ರಾಶಿಯಿದ್ದರೂ ತೂತಿನಿಂದ ಸುರಿಯುವ ಪ್ರಮಾಣ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ. ಇದರಿಂದ ನಮಗೆ ಬಲು ಅನುಕೂಲ, ಏಕೆಂದರೆ ಅವಧಿಯನ್ನು ಸರಳ ತ್ರೈರಾಶಿಯಿಂದ ತಿದ್ದಬಹುದು. 37 ಗ್ರಾಂ ಮರಳು 46 ಸೆಕೆಂಡು ತೆಗೆದುಕೊಂಡರೆ 40 ಸೆಕೆಂಡಿಗೆ 32 ಗ್ರಾಂ ಸಾಕು.

ಮೊದಲ ಎರಡು ಸಲ ಸುಮ್ಮನೆ ತಿರುವಿ, ಏಕೆಂದರೆ ಬಿಲ್ಲೆಯ ಅಂಚಿನಲ್ಲಿ ಒಂದಷ್ಟು ಹರಳು ಕೂತುಬಿಡುತ್ತದೆ. ಅನಂತರ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹತ್ತು ಸಲ ಅಳೆಯಿರಿ: ಒಂದು ಬದಿಯಿಂದ ಐದು, ಇನ್ನೊಂದು ಬದಿಯಿಂದ ಐದು. ಎರಡು ಬದಿಗಳ ಸರಾಸರಿಯಲ್ಲಿ ವ್ಯತ್ಯಾಸ ಬರುವುದು ಸಾಮಾನ್ಯ, ಏಕೆಂದರೆ ಬಿಲ್ಲೆ ಒಂದು ಬದಿಯಲ್ಲಷ್ಟೇ ಇದೆ. ವ್ಯತ್ಯಾಸ ಒಂದು ಸೆಕೆಂಡಿಗಿಂತ ಹೆಚ್ಚಿದ್ದರೆ ಯಾವ ಬದಿ ಮೇಲಿರಬೇಕೆಂದು ಗುರುತು ಹಾಕಿ, ಆಟದಲ್ಲಿ ಅದೇ ಬದಿಯಿಂದ ಆರಂಭಿಸಿ. ಮೇಜು ಓರೆಯಾಗಿದ್ದರೂ ಅವಧಿ ಬದಲಾಗುತ್ತದೆ. ನೆಲದ ಮೇಲೆ ಚಾಪೆ ಹಾಸಿ ಆಡುವವರು ಗಡಿಯಾರದ ಕೆಳಗೆ ಒಂದು ಮಣೆಯನ್ನಿಡಲಿ.

ಮೊದಲ ಆಟ: ಮುಚ್ಚಿದ ಗಳಿಗೆ

ಇದೇ ಮೂಲ ಆಟ; ಬೇರೆ ಯಾವುದನ್ನೂ ಆಡದಿದ್ದರೂ ಇದನ್ನು ಆಡಿ. ಮೂವರಿಂದ ಆರು ಜನ ಸೇರಬಹುದು. ಪ್ರತಿ ಸುತ್ತಿಗೂ ಒಬ್ಬರು ತೀರ್ಪುಗಾರರು, ಉಳಿದವರ ಮುಂದೆ ಒಂದೊಂದು ಕವಡೆ. ತೀರ್ಪುಗಾರರು ಮೂರರಲ್ಲಿ ಯಾವುದಾದರೂ ಒಂದು ಗಡಿಯಾರವನ್ನು ಆರಿಸಿ, ಒಮ್ಮೆ ಎಲ್ಲರ ಕಣ್ಣೆದುರಿಗೇ ಹರಿಯಬಿಡುತ್ತಾರೆ. ಯಾರೂ ಮಾತಾಡಬಾರದು, ಬೆರಳು ಕುಟ್ಟಬಾರದು, ಕೈಗಡಿಯಾರ ಮೊಬೈಲುಗಳು ಬೇರೆ ಕೋಣೆಯಲ್ಲಿರಬೇಕು. ಬಳಿಕ ಅದೇ ಗಡಿಯಾರವನ್ನು ರಟ್ಟಿನ ಮರೆಯ ಹಿಂದಿಟ್ಟು, ‘ಹೂಂ’ ಎಂದು ತಿರುವುತ್ತಾರೆ. ಈಗ ಆಟಗಾರರು ಮರಳು ಮುಗಿಯುವುದಕ್ಕೆ ಮೊದಲು, ಆದರೆ ಸಾಧ್ಯವಾದಷ್ಟು ಕೊನೆಯಲ್ಲಿ, ತಮ್ಮ ಕವಡೆಯನ್ನು ಮೇಜಿನ ನಡುವಿನ ಗೆರೆಯ ಮೇಲೆ ಸಾಲಾಗಿ ಇಡಬೇಕು. ಕೊನೆಯ ಹರಳು ಬಿದ್ದೊಡನೆ ತೀರ್ಪುಗಾರರು ‘ಮುಗಿಯಿತು’ ಎನ್ನುತ್ತಾರೆ. ಅದಕ್ಕೆ ಮೊದಲು ಬಿದ್ದ ಕೊನೆಯ ಕವಡೆಗೆ 3 ಅಂಕ, ಅದರ ಹಿಂದಿನದಕ್ಕೆ 2, ಉಳಿದವಕ್ಕೆ 1. ಕವಡೆ ಕೈಯಲ್ಲೇ ಉಳಿದವರಿಗೆ ಸೊನ್ನೆ. ಇಲ್ಲಿ ಸೆಕೆಂಡುಗಳನ್ನು ಅಳೆಯುವ ಗೋಜೇ ಇಲ್ಲ, ಸಾಲಿನ ಕ್ರಮವೇ ತೀರ್ಪು. ಜಗಳವೂ ಕಡಿಮೆ.

ಎರಡು ಸುತ್ತು ಆಡುವಷ್ಟರಲ್ಲಿ ಜಾಣರೆಲ್ಲ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸತೊಡಗುತ್ತಾರೆ. ಎಣಿಕೆ ಬಂದರೆ ಆಟ ಸತ್ತಂತೆ. ‘ಎಣಿಸಬಾರದು’ ಎಂಬ ನಿಯಮವನ್ನು ಯಾರೂ ಪಾಲಿಸಲಾರರು, ಪಾಲಿಸಿದರೋ ಇಲ್ಲವೋ ಎಂದು ನೋಡಲೂ ಆಗದು. ಆದ್ದರಿಂದ ನಾಲಗೆಗೇ ಕೆಲಸ ಕೊಡಬೇಕು. ಮೂರನೆಯ ಸುತ್ತಿನಿಂದ ಮರಳು ಹರಿಯುವಾಗ ಆಟಗಾರರು ಸರದಿಯಂತೆ ಊರಿನ ಹೆಸರು ಹೇಳುತ್ತಿರಲಿ. ಹಿಂದಿನವರ ಊರಿನ ಕೊನೆಯ ಅಕ್ಷರದಿಂದ ಮುಂದಿನ ಊರು ಶುರುವಾಗಬೇಕು. ತುಮಕೂರು ಎಂದವರ ಮುಂದಿನವರು ರಾಯಚೂರು, ರಾಮನಗರ ಎಂದು ಹುಡುಕುತ್ತಿರುವಾಗ ಎಣಿಕೆಯ ದಾರ ತಾನಾಗಿ ಕಡಿಯುತ್ತದೆ. ಗಮನ ಬೇರೆಡೆ ಹೋದಾಗ ಕಳೆದ ಹೊತ್ತು ಕಡಿಮೆಯೆಂದು ತೋರುವುದರಿಂದ, ಮಾತಿನ ಸುತ್ತುಗಳಲ್ಲಿ ಕವಡೆ ಕೈಯಲ್ಲೇ ಉಳಿಯುವವರ ಸಂಖ್ಯೆ ಹೆಚ್ಚುತ್ತದೆ. ಮೌನದ ಸುತ್ತುಗಳಲ್ಲಿ ಇದರ ತಿರುವು: ಕಾಯುವುದೊಂದೇ ಕೆಲಸವಾದಾಗ ಹೊತ್ತು ಉದ್ದವೆನಿಸಿ ಎಲ್ಲರೂ ಬೇಗ ಕವಡೆ ಇಟ್ಟುಬಿಡುತ್ತಾರೆ.

ಪಳಗಿದ ಆಟಗಾರರಿಗೆ ಒಂದು ಸೂಕ್ಷ್ಮವನ್ನು ಹೇಳಬಹುದು. ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಫಿಯರೋರ್ಟ್ 1868ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಅವಧಿಗಳನ್ನು ಅಂದಾಜು ಮಾಡುವಾಗ ಜನರು ಚಿಕ್ಕವನ್ನು ಹಿಗ್ಗಿಸಿ, ದೊಡ್ಡವನ್ನು ಕುಗ್ಗಿಸುತ್ತಾರೆಂದು ಗುರುತಿಸಿದರು. ಮೂರು ಗಡಿಯಾರಗಳೂ ಕಲಸಿ ಬರುವ ಸಂಜೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ವಿಘಳಿಗೆಯಲ್ಲಿ ತಡ, 70 ಸೆಕೆಂಡಿನದರಲ್ಲಿ ಅವಸರ. ದೊಡ್ಡ ಗಡಿಯಾರ ಬಂದಾಗ ‘ಇನ್ನು ಇಡಬೇಕು’ ಎನಿಸಿದ ಮೇಲೂ ಒಂದೆರಡು ಊರಿನ ಹೆಸರು ಕಳೆಯುವವರೆಗೆ ತಡೆದವರು ಬಹಳ ಸಲ ಗೆಲ್ಲುತ್ತಾರೆ.

ಎರಡನೆಯ ಆಟ: ಅರ್ಧ

ಈ ಸಲ ಗಡಿಯಾರ ಎಲ್ಲರ ಎದುರಿಗೇ ಇರುತ್ತದೆ, ಅದೇ ಮೋಸ. ಸರಿಯಾಗಿ ಅರ್ಧ ಹೊತ್ತು ಕಳೆದಾಗ ಕವಡೆ ಇಡಬೇಕು. ತೀರ್ಪುಗಾರರು ಸ್ಟಾಪ್‌ವಾಚನ್ನು ಮರೆಯಲ್ಲಿ ಹಿಡಿದು ಪ್ರತಿಯೊಬ್ಬರು ಕವಡೆಯಿಟ್ಟ ಕ್ಷಣವನ್ನು ಬರೆದುಕೊಂಡು, ಅರ್ಧಕ್ಕೆ ಅತಿ ಸಮೀಪದವರಿಗೆ 2 ಅಂಕ ಕೊಡುತ್ತಾರೆ. ತುಸು ಮುಂಚೆ, ತುಸು ತಡ ಎರಡಕ್ಕೂ ಇಲ್ಲಿ ಒಂದೇ ಬೆಲೆ.

ಸುಲಭವೆಂದು ತೋರುವ ಈ ಆಟದಲ್ಲಿ ಮೊದಲ ಸಲ ಹೆಚ್ಚಿನವರು ದೊಡ್ಡದಾಗಿ ಎಡವುತ್ತಾರೆ. ನಾವು ಹಾಕಿದ ಮರಳು ಕಡಿಮೆಯಾದ್ದರಿಂದ ತಲೆಕೆಳಗಾದ ಮೇಲಿನ ಬಾಟಲಿಯಲ್ಲಿ ಅದು ಲಾಳಿಕೆಯಂತಿರುವ ಹೆಗಲಿನ ಭಾಗದಲ್ಲಿ ಕೂತಿರುತ್ತದೆ. ಶಂಕುವಿನ ಆಕಾರದಲ್ಲಿ ಎತ್ತರ ಅರ್ಧಕ್ಕಿಳಿದಾಗ ಉಳಿಯುವುದು ಎಂಟನೆಯ ಒಂದು ಪಾಲು ಮಾತ್ರ. ಅಂದರೆ ಕಣ್ಣು ‘ಅರ್ಧವಾಯಿತು’ ಎನ್ನುವ ಹೊತ್ತಿಗೆ ಎಂಟರಲ್ಲಿ ಏಳು ಪಾಲು ಕಳೆದುಹೋಗಿರುತ್ತದೆ! ನಿಜವಾದ ಅರ್ಧ ಬರುವುದು ಎತ್ತರ ಐದನೆಯ ಒಂದು ಪಾಲಿನಷ್ಟು ಇಳಿದಾಗ. ಹಾಗೆಂದು ಕೆಳಗಿನ ರಾಶಿಯನ್ನು ನಂಬಿದರೆ ಮೋಸ ಎದುರು ದಿಕ್ಕಿನಿಂದ ಬರುತ್ತದೆ: ಅಗಲವಾದ ತಳದ ಮೇಲೆ ಬೆಳೆಯುವ ಗುಡ್ಡೆ ಮೊದಲಿಗೆ ಬೇಗ ಏರಿ ಆಮೇಲೆ ನಿಧಾನಿಸುತ್ತದೆ, ಅದು ಅರ್ಧ ಎತ್ತರ ಮುಟ್ಟಿದಾಗ ಎಂಟನೆಯ ಒಂದು ಪಾಲಷ್ಟೇ ಕಳೆದಿರುತ್ತದೆ. ಬಾಟಲಿ ಪರಿಪೂರ್ಣ ಶಂಕುವಲ್ಲವಾದ್ದರಿಂದ ಲೆಕ್ಕ ತುಸು ಆಚೀಚೆ ಆಗುತ್ತದೆ. ಮೇಲಿನ ಮರಳಿನ ನಡುವೆ ಕುಳಿ ಬೀಳುವುದೂ ಕಣ್ಣನ್ನು ಕೆಡಿಸುತ್ತದೆ. ಇದನ್ನು ಆಟಕ್ಕೆ ಮುಂಚೆ ವಿವರಿಸಬೇಡಿ. ಎರಡು ಸುತ್ತು ಆಡಿ ಎಲ್ಲರೂ ತಬ್ಬಿಬ್ಬಾದ ಮೇಲೆ ವಿವರಿಸಿದರೆ ಮಕ್ಕಳಿಗೆ ಗಣಿತವೂ ಹಿಡಿಸುತ್ತದೆ.

ಮೂರನೆಯ ಆಟ: ಸವಾಲು

ಅಳಗುಳಿ ಮಣೆ ಮನೆಯಲ್ಲಿದ್ದರೆ ಅದನ್ನು ಕೆಳಗಿಳಿಸುವ ಸಂದರ್ಭವಿದು. ಏಳೇಳರಂತೆ 14 ಕುಳಿಗಳ ಆ ಮಣೆಯ ಪಕ್ಕದಲ್ಲಿ ಒಂದು ಬಟ್ಟಲು ಹುಣಸೆ ಬೀಜವಿಡಿ. ಒಂದೇ ಕೈಯಿಂದ, ಒಂದು ಸಲಕ್ಕೆ ಒಂದೇ ಬೀಜವನ್ನೆತ್ತಿ, ಪ್ರತಿ ಕುಳಿಗೂ ನಾಲ್ಕು ನಾಲ್ಕು ತುಂಬುತ್ತ ಹೋಗುವುದು ಕೆಲಸ. ತೀರ್ಪುಗಾರರು ಒಂದು ಗಡಿಯಾರವನ್ನು ಮೇಜಿನ ಮೇಲಿಡುತ್ತಾರೆ, ತಿರುವುವುದಿಲ್ಲ. ಆಟಗಾರರು ಹರಾಜಿನಂತೆ ಸವಾಲು ಕೂಗಬೇಕು: ‘ಇಷ್ಟರಲ್ಲಿ ನಾನು ಐದು ಕುಳಿ ತುಂಬುತ್ತೇನೆ’, ‘ನಾನು ಆರು’, ‘ನಾನು ಎಂಟು’. ಮೇಲೆ ಕೂಗುವವರಿಲ್ಲದಾಗ ಕೊನೆಯವರ ಪಾಲಿಗೆ ಸವಾಲು ನಿಲ್ಲುತ್ತದೆ, ಗಡಿಯಾರ ತಿರುಗುತ್ತದೆ. ಹೇಳಿದಷ್ಟು ತುಂಬಿದರೆ ತುಂಬುತ್ತೇನೆಂದ ಕುಳಿಗಳಷ್ಟೇ ಅಂಕ, ತಪ್ಪಿದರೆ ಉಳಿದವರಿಗೆಲ್ಲ ಎರಡೆರಡು. ಹೆಚ್ಚು ತುಂಬಿದ್ದಕ್ಕೆ ಬಹುಮಾನವಿಲ್ಲ. ಆ ನಿಯಮ ಸಡಿಲಿಸಿದರೆ ಎಲ್ಲರೂ ಕಡಿಮೆ ಕೂಗಿ ಹೆಚ್ಚು ತುಂಬುವ ಜಿಪುಣತನಕ್ಕೆ ಇಳಿಯುತ್ತಾರೆ. ಹುಣಸೆ ಬೀಜ ನುಂಗುವ ವಯಸ್ಸಿನ ಕೂಸುಗಳು ಮನೆಯಲ್ಲಿದ್ದರೆ ಈ ಆಟವನ್ನು ಅವು ಮಲಗಿದ ಮೇಲೆ ಆಡಿ.

ನಾಲ್ಕನೆಯ ಆಟ: ನಿನ್ನ ಹೊತ್ತು ನನ್ನದು

ಇದು ಇಬ್ಬರಿಗೆ. ಇದಕ್ಕೆ ಬೇರೆಯೇ ಒಂದು ಗಡಿಯಾರ ಕಟ್ಟಬೇಕು: ಅದೇ 3 ಮಿಲಿಮೀಟರಿನ ತೂತು, ಸುಮಾರು 240 ಗ್ರಾಂ ಮರಳು, ಒಟ್ಟು ಐದು ನಿಮಿಷದ ಸರಕು. ಒಂದು ಬಾಟಲಿಗೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ. ಮರಳು ಎರಡರಲ್ಲೂ ಸಮವಾಗುವವರೆಗೆ ಹರಿಯಬಿಟ್ಟು ಗಡಿಯಾರವನ್ನು ಅಡ್ಡಲಾಗಿ ಮಲಗಿಸಿ. ಕೆಂಪಿನವರು ನಡೆ ಯೋಚಿಸುವಾಗ ಕೆಂಪು ಮೇಲಿರಬೇಕು. ನಡೆ ಆದೊಡನೆ ಅವರೇ ತಿರುವಿ ನೀಲಿಯನ್ನು ಮೇಲೆ ಮಾಡಬೇಕು. ನಾನು ಯೋಚಿಸುತ್ತ ಕಳೆದ ಮರಳು ಎಲ್ಲಿಯೂ ಹೋಗುವುದಿಲ್ಲ, ಎದುರಾಳಿಯ ಬಾಟಲಿಗೆ ಬೀಳುತ್ತದೆ, ಅವರು ಅದನ್ನು ನನ್ನ ಮೇಲೆಯೇ ಬಳಸುತ್ತಾರೆ. ತನ್ನ ಬಾಟಲಿ ಬರಿದಾದವರು ಸೋತಂತೆ.

ಆಡು ಹುಲಿ ಆಟಕ್ಕೆ ಇದು ಬಹಳ ಒಗ್ಗುತ್ತದೆ. ಮೂರು ಹುಲಿ, ಹದಿನೈದು ಆಡುಗಳ ಆ ಆಟದಲ್ಲಿ ಆಡಿನವರು ಒಂದೊಂದೇ ಕಾಯಿ ಇಡುತ್ತ ಲೆಕ್ಕ ಹಾಕುವುದು ಮುಗಿಯುವುದೇ ಇಲ್ಲ ಎಂಬ ದೂರು ಹಳೆಯದು. ಆಡಿನವರು ಹೆಚ್ಚು ಯೋಚಿಸಬೇಕಾದ್ದರಿಂದ ಆರಂಭದಲ್ಲಿ ಅವರ ಬಾಟಲಿಯಲ್ಲಿ ತುಸು ಹೆಚ್ಚು ಮರಳಿರುವುದು ನ್ಯಾಯ. ಚದುರಂಗದವರೂ ಇದೇ ದಾರಿಯಲ್ಲಿ ಬಂದವರು. 1861ರಲ್ಲಿ ಆಂಡರ್ಸನ್ ಮತ್ತು ಕೋಲಿಶ್ ನಡುವೆ ನಡೆದ ಪಂದ್ಯದಲ್ಲಿ ಯೋಚನೆಯ ಸಮಯವನ್ನು ಮರಳು ಗಡಿಯಾರಗಳಿಂದ ಅಳೆದರು. ಜೋಡಿ ಮುಖದ ಯಾಂತ್ರಿಕ ಗಡಿಯಾರ ಪಂದ್ಯಾವಳಿಗೆ ಬಂದದ್ದು 1883ರಲ್ಲಿ, ಲಂಡನ್ನಿನಲ್ಲಿ. ಒಬ್ಬರ ಖರ್ಚು ಇನ್ನೊಬ್ಬರ ಜಮೆಯಾಗುವ ಪದ್ಧತಿ ಇಂದಿನ ಡಿಜಿಟಲ್ ಚದುರಂಗ ಗಡಿಯಾರಗಳಲ್ಲೂ ಒಂದು ಆಯ್ಕೆಯಾಗಿ ಉಳಿದಿದೆ.

ಐದನೆಯ ಆಟ: ಮಾತಿಲ್ಲದ ಸಾಲು

ಇದರಲ್ಲಿ ಎಲ್ಲರೂ ಒಂದೇ ಪಕ್ಷ. 5ರಿಂದ 65ರವರೆಗಿನ ಅಂಕಿಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಒಬ್ಬೊಬ್ಬರಿಗೆ ಎರಡೆರಡು ಹಂಚಿ. 70 ಸೆಕೆಂಡಿನ ಗಡಿಯಾರವನ್ನು ಮರೆಯಲ್ಲಿ ತಿರುವಿದ ಮೇಲೆ, ಅಷ್ಟು ಸೆಕೆಂಡು ಕಳೆಯಿತೆನಿಸಿದಾಗ ಆ ಚೀಟಿಯನ್ನು ಮೇಜಿಗೆ ಹಾಕಬೇಕು. ಮಾತಿಲ್ಲ, ಸನ್ನೆಯಿಲ್ಲ. ಚೀಟಿಗಳು ಏರಿಕೆಯ ಕ್ರಮದಲ್ಲಿ ಬಿದ್ದು, ಮರಳು ಮುಗಿಯುವುದರೊಳಗೆ ಎಲ್ಲವೂ ಮೇಜಿಗೆ ಬಂದರೆ ಗೆಲುವು. ಇಸ್ಪೀಟಿನಷ್ಟೇ ಸರಳವಾದ ಎಲೆಗಳಿಂದ ಆಡುವ ದ ಮೈಂಡ್ ಎಂಬ 2018ರ ಆಟ, ಗಡಿಯಾರವೇ ಇಲ್ಲದೆ, 1ರಿಂದ 100ರವರೆಗಿನ ಎಲೆಗಳನ್ನು ಹೀಗೆಯೇ ಮೌನದಲ್ಲಿ ಜೋಡಿಸಲು ಕೇಳುತ್ತದೆ. ಅದರ ರುಚಿ ಕಂಡವರಿಗೆ ಇದು ಬೇಗ ಹಿಡಿಯುತ್ತದೆ. 31 ಮತ್ತು 33 ಬೇರೆ ಬೇರೆ ಕೈಗಳಲ್ಲಿದ್ದಾಗ ಕೋಣೆಯಲ್ಲಿ ಆವರಿಸುವ ಬಿಗುವನ್ನು ಬರೆದು ತಿಳಿಸಲಾಗದು. ಅವಧಿ ಹಿಗ್ಗಿದಷ್ಟೂ ಅಂದಾಜಿನ ತಪ್ಪು ಅದೇ ಪ್ರಮಾಣದಲ್ಲಿ ಹಿಗ್ಗುವುದರಿಂದ 8 ಮತ್ತು 10ನ್ನು ಬೇರ್ಪಡಿಸಬಲ್ಲವರು 58 ಮತ್ತು 60ರಲ್ಲಿ ಸೋಲುತ್ತಾರೆ. ಹೊಸಬರಿದ್ದರೆ 40ರ ಮೇಲಿನ ಚೀಟಿಗಳಲ್ಲಿ ಐದೈದರ ಅಂತರವಿಡಿ.

ನಡುವೆ ಒಂದು ಒಗಟು

40 ಮತ್ತು 70 ಸೆಕೆಂಡಿನ ಗಡಿಯಾರಗಳೆರಡನ್ನೇ ಬಳಸಿ, ಸರಿಯಾಗಿ 90 ಸೆಕೆಂಡಿಗೆ ಮೇಜು ಕುಟ್ಟಬೇಕು. ಜೋಡಿ ಜೋಡಿಯಾಗಿ ಯೋಚಿಸಲು ಐದು ನಿಮಿಷ ಕೊಡಿ. ಉತ್ತರ ಹೀಗಿದೆ: ಎರಡನ್ನೂ ಒಟ್ಟಿಗೆ ತಿರುವಿ; 40ರದು ಮುಗಿದೊಡನೆ ಅದನ್ನು ಮತ್ತೆ ತಿರುವಿ; 70ರದು ಮುಗಿದೊಡನೆ ಅದನ್ನೂ ತಿರುವಿ; 80ನೆಯ ಸೆಕೆಂಡಿಗೆ ಚಿಕ್ಕದು ಎರಡನೆಯ ಸಲ ಮುಗಿಯುತ್ತದೆ, ಆಗ ದೊಡ್ಡದರ ಕೆಳಗೆ 10 ಸೆಕೆಂಡಿನ ಮರಳು ಬಿದ್ದಿರುತ್ತದೆ, ಅದನ್ನು ತಿರುವಿದರೆ ಉಳಿದ ಹತ್ತು ಸೆಕೆಂಡು ಸಿಗುತ್ತದೆ. ಉತ್ತರ ಹೊಳೆಯುವುದು ಒಂದು, ಕೈ ತಪ್ಪದೆ ಮಾಡುವುದು ಇನ್ನೊಂದು. ತಿರುವುವಲ್ಲಿ ಅರೆಕ್ಷಣ ತಡವಾದರೂ ಲೆಕ್ಕ ಜಾರುತ್ತದೆ.

ಅಂಟು ಮೆತ್ತುವ ತಾಳ್ಮೆಯಿಲ್ಲದವರಿಗೆ

ನಮ್ಮಲ್ಲಿ ಮುಹೂರ್ತ ನೋಡಲು ಬಳಕೆಯಲ್ಲಿದ್ದ ಗಳಿಗೆ ಬಟ್ಟಲು ಮರಳಿನದಲ್ಲ, ನೀರಿನದು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದರು. ತುಂಬಿ ಮುಳುಗಿದರೆ ಒಂದು ಗಳಿಗೆ. ಇದರ ಪುಟ್ಟ ರೂಪವನ್ನು ಹತ್ತು ನಿಮಿಷದಲ್ಲಿ ಮಾಡಬಹುದು. ನೇರ ಗೋಡೆಯ ಒಂದು ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಸೂಜಿಯಿಂದ ತೂತು ಮಾಡಿ, ಓಲಾಡದೆ ನೆಟ್ಟಗೆ ತೇಲುವಂತೆ ಒಳಗೆ ಕೆಲವು ನಾಣ್ಯಗಳನ್ನಿಟ್ಟು, ಅಗಲ ಪಾತ್ರೆಯ ನೀರಿನಲ್ಲಿ ಬಿಡಿ. ನಾಣ್ಯ ಹೆಚ್ಚಿದಷ್ಟೂ ಬೇಗ ಮುಳುಗುತ್ತದೆ. 24 ಸೆಕೆಂಡು ಬರುವವರೆಗೆ ನಾಣ್ಯಗಳನ್ನೂ ತೂತನ್ನೂ ತಿದ್ದುತ್ತ ಹೋಗಿ.

ಇದನ್ನು ಮುಚ್ಚಿದ ಗಳಿಗೆ ಆಟಕ್ಕೆ ಬಳಸುವಾಗ ಮರೆಯೇ ಬೇಡ, ಕಣ್ಣೆದುರಿದ್ದರೂ ಇದು ಗುಟ್ಟು ಬಿಡುವುದಿಲ್ಲ. ಒಳಗಿನ ಮತ್ತು ಹೊರಗಿನ ನೀರಿನ ಮಟ್ಟಗಳ ಅಂತರ ಬದಲಾಗದ ಕಾರಣ ಡಬ್ಬಿ ಒಂದೇ ಗತಿಯಲ್ಲಿ ಇಳಿಯುತ್ತಿದ್ದು, ಅಂಚು ನೀರಿಗೆ ತಾಗಿದ ಕ್ಷಣ ಗುಳುಂ ಎಂದು ಮಾಯವಾಗುತ್ತದೆ. ಆ ಸದ್ದೇ ‘ಮುಗಿಯಿತು’ ಎನ್ನುವುದರಿಂದ ತೀರ್ಪುಗಾರರೂ ಆಟಕ್ಕೆ ಕೂರಬಹುದು. ಕಣ್ಣು ಮಂಜಾದ ಅಜ್ಜ ಅಜ್ಜಿಯರಿಗೆ ಮರಳಿಗಿಂತ ಇದೇ ಅನುಕೂಲ. ಪ್ರತಿ ಸುತ್ತಿನ ನಂತರ ಡಬ್ಬಿಯ ಒಳಗನ್ನು ಒರೆಸಲು ಮೇಜಿನ ಬದಿಯಲ್ಲಿ ಒಂದು ಒಣ ಬಟ್ಟೆಯಿರಲಿ, ಏಕೆಂದರೆ ತಳದಲ್ಲಿ ಉಳಿದ ಒಂದು ಚಮಚ ನೀರು ಮುಂದಿನ ಸುತ್ತಿನ ಅವಧಿಯನ್ನು ಕಡಿಮೆ ಮಾಡುತ್ತದೆ.